ಬ್ಯಾಟರಿ ಹಾಕಿದ್ದು ಯಾರು?

ಮೇಸ್ತ್ರಿ ಸತ್ತಿದ್ದು ನಿಂತುಕೊಂಡೇ.

ಕಾರಿನ ಬಂಪರಿಗೂ ಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಮೇಜಿಗೂ ನಡುವೆ ಸಿಕ್ಕಿಕೊಂಡು, ಎತ್ತಿದ ಬಾನೆಟ್ಟಿನ ಕೆಳಗೆ ತಲೆ ಬಗ್ಗಿಸಿದ್ದರು. ನೋಡಿದವರಿಗೆ ಇಂಜಿನ್ನಿನೊಳಗೆ ಏನೋ ಹುಡುಕುತ್ತಿದ್ದಾರೆ ಅನ್ನಿಸಬೇಕು. ಸಂಜೆ ಕಾರು ರಿಪೇರಿ ಶೆಡ್ಡಿಗೆ ಬಂದ ಹೆಂಡತಿಗೂ ಹಾಗೇ ಅನ್ನಿಸಿತ್ತು. "ಇನ್ನೂ ಮುಗೀಲಿಲ್ವಾ?" ಎಂದು ಎರಡು ಸಲ ಕೇಳಿದರಂತೆ. ಮೂರನೇ ಸಲ ಬೆನ್ನು ಮುಟ್ಟಿದರು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ದಫೇದಾರರು ಆಗಲೇ ತೀರ್ಪು ಕೊಟ್ಟಾಗಿತ್ತು.

"ಹ್ಯಾಂಡ್‌ಬ್ರೇಕ್ ಹಿಡಿಯಲ್ಲ ಸಾರ್. ಕಾರು ಉರುಳಿದೆ. ಬರೆದು ಕೈ ತೊಳೆದುಕೊಳ್ಳೋಣ."

"ಯಾವ ಕಡೆಗೆ ಉರುಳಿತು?"

"ಗೋಡೆ ಕಡೆಗೆ."

ಇನ್ಸ್‌ಪೆಕ್ಟರ್ ನೆಲ ತೋರಿಸಿದರು. ರೇಡಿಯೇಟರ್ ಒಡೆದು ಹಸಿರು ನೀರು ಸುರಿದಿತ್ತು. ಗೋಡೆಯ ಕಡೆ ಒಂದು ಹನಿಯೂ ಇಲ್ಲ. ಕಾರಿನ ಅಡಿಯಿಂದ ಹಾದು ಬಾಗಿಲವರೆಗೆ ಹರಿದು, ಹೊಸ್ತಿಲ ಹತ್ತಿರ ಮಡುಗಟ್ಟಿತ್ತು.

"ನೀರಿಗೆ ಗೊತ್ತಿರೋದು ಕಾರಿಗೆ ಗೊತ್ತಿಲ್ವೇನ್ರೀ? ಉರುಳಿದ್ರೆ ಬಾಗಿಲ ಕಡೆಗೆ ಉರುಳಬೇಕು."

ಕಾರಿನ ಬಾಗಿಲೊಳಗೆ ಕೈ ಹಾಕಿ ಗೇರ್ ಅಲ್ಲಾಡಿಸಿದರು. ಮೊದಲನೇ ಗೇರಿನಲ್ಲಿತ್ತು. ಹ್ಯಾಂಡ್‌ಬ್ರೇಕ್ ಇಲ್ಲದ ಕಾರನ್ನು ಗೇರಿನಲ್ಲಿ ನಿಲ್ಲಿಸುವುದು ವಾಡಿಕೆ. ಹಾಗೆ ನಿಂತ ಹಳೇ ಕಾರಿನ ಕೀ ತಿರುಗಿಸಿದರೆ ಅದು ಕಪ್ಪೆಯ ಹಾಗೆ ಮುಂದಕ್ಕೆ ನೆಗೆಯುತ್ತದೆ.

"ಕೀ ತಿರುಗಿಸಿದ್ರೂ ನೆಗೆಯೋದು ಹೇಗೆ ಸಾರ್? ಬ್ಯಾಟರೀನೇ ಕಳಚಿದೆಯಲ್ಲ," ಎಂದರು ದಫೇದಾರರು.

ನಿಜ. ಈ ಕಾರಿನ ಬ್ಯಾಟರಿ ಹಿಂದುಗಡೆ, ಡಿಕ್ಕಿಯಲ್ಲಿತ್ತು. ಅದರ ಮೈನಸ್ ವೈರು ಕಳಚಿತ್ತು. ತುದಿಗೆ ಬಟ್ಟೆ ಸುತ್ತಿತ್ತು. ಆ ತುದಿಯನ್ನು ಬಿಗಿಯುವ ಬೋಲ್ಟು ಮಾತ್ರ ಅಲ್ಲೆಲ್ಲೂ ಇರಲಿಲ್ಲ.

ಅದು ಮೇಸ್ತ್ರಿಯ ಅಂಗಿಯ ಜೇಬಿನಲ್ಲಿತ್ತು.

*

ಮೇಸ್ತ್ರಿಯ ಹೆಂಡತಿ ಹೊರಗೆ ಹಳೇ ಟೈರಿನ ಮೇಲೆ ಕೂತಿದ್ದರು. ಅಳು ಇನ್ನೂ ಬಂದಿರಲಿಲ್ಲ.

"ಬ್ಯಾಟರಿ ಕಳಚದೆ ಅವರು ಕಾರು ಮುಟ್ಟಿದವರಲ್ಲ ಸಾರ್. ಕಳಚಿದ ಬೋಲ್ಟು ಜೇಬಿಗೆ. ಬೇರೆಯವರು ಹಾಕಬಾರದು ಅಂತ. ಎಷ್ಟೋ ಸಲ ಬಟ್ಟೆ ಒಗೆಯೋವಾಗ ನನ್ನ ಕೈಗೇ ಸಿಕ್ಕಿದೆ."

"ಇವತ್ತು ನೀವು ಊಟ ತರಲಿಲ್ವಾ?"

"ದಿನಾ ತರ್ತೀನಿ. ಇವತ್ತು ಮಗ ಫೋನ್ ಮಾಡಿದ. ಅಪ್ಪ ಸರ್ಕಲ್ಲಲ್ಲಿ ಸಿಕ್ಕಿದ್ರು, ಹೊರಗೇ ಊಟ ಮಾಡ್ತಾರಂತೆ, ನೀನು ಹೋಗಬೇಡ ಅಂದ. ಬಿಸಿಲಲ್ಲಿ ನಾನು ನಡೀಬಾರದು ಅಂತ ಅವನಿಗೆ." ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. "ಒಂದೇ ಒಂದು ಬೇಡ್ಕೊತೀನಿ ಸಾರ್. ಮೈಮರೆತು ಸತ್ತರು ಅಂತ ಮಾತ್ರ ಬರೀಬೇಡಿ. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ. ನಾಳೆ ಅದೇ ಊರು ನಗುತ್ತೆ. ಏನಾಯ್ತು ಅಂತ ಹುಡುಕಿ."

"ಹುಡುಕ್ತೀನಮ್ಮ," ಎಂದರು ಇನ್ಸ್‌ಪೆಕ್ಟರ್. ಆಮೇಲೆ ಎಷ್ಟೋ ದಿನ ಆ ಒಂದು ಮಾತು ಅವರಿಗೆ ನಿದ್ದೆ ಕೆಡಿಸಿತು.

*

ಮೊದಲು ಸಿಕ್ಕವನು ಪೇಂಟರ್. ಅದೇ ಶೆಡ್ಡಿನ ಅರ್ಧದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. ಹಿಂದಿನ ದಿನ ಮೇಸ್ತ್ರಿಗೂ ಅವನಿಗೂ ಹಾವು ಮುಂಗುಸಿ ಜಗಳವಾಗಿದ್ದನ್ನು ಬೀದಿಯೇ ನೋಡಿತ್ತು.

"ಜಗಳ ಯಾಕೆ?"

"ನನ್ನ ಬಣ್ಣದ ಧೂಳು ಅವರ ಇಂಜಿನ್ ಮೇಲೆ ಬಿತ್ತು ಅಂತ. ವಾರಕ್ಕೊಂದು ಸಲ ಆಗೋ ಜಗಳ ಸಾರ್ ಅದು. ಜಗಳ ಆಡಿದ್ಮೇಲೆ ಟೀ ಅವರೇ ಕೊಡಿಸೋರು."

"ಇವತ್ತು ಎಲ್ಲಿದ್ದೆ?"

"ಮನೇಲಿ. ಬೆಳಿಗ್ಗೆಯಿಂದ ಈ ಕಡೆ ಎಲ್ಲೂ ಕರೆಂಟಿಲ್ಲ. ಕಂಪ್ರೆಸರ್ ಓಡದೆ ಇಲ್ಲಿ ಕೂತು ನೊಣ ಹೊಡೀಲಾ? ಮೇಸ್ತ್ರಿನೂ ರೇಡಿಯೇಟರ್ ಫ್ಯಾನಿನ ಮೋಟರ್ ತರ್ತೀನಿ ಅಂತ ನನ್ನ ಜೊತೇಲೇ ಹೊರಟ್ರು. ಕಾರಿನ ಬ್ಯಾಟರಿ ಕಳಚಿಟ್ಟೇ ಹೊರಟ್ರು, ನಾನೇ ನೋಡಿದೆ." ಪೇಂಟರ್ ಕಣ್ಣೊರೆಸಿಕೊಂಡ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ ಸಾರ್."

ಅಕ್ಕಪಕ್ಕದ ಮನೆಯವರೂ ಅವನು ಮನೆಯಲ್ಲೇ ಇದ್ದನೆಂದರು. ದಾರಿ ಮುಚ್ಚಿತು.

ಕಾರಿನ ಒಡತಿ ಒಬ್ಬ ಟೀಚರ್. ಇಡೀ ದಿನ ಶಾಲೆಯಲ್ಲಿದ್ದರು. ಕಾರನ್ನು ಸುತ್ತು ಹಾಕಿ, ಏನೂ ಕಳೆದಿಲ್ಲ ಎಂದರು. ಆಮೇಲೆ ಒಳಗೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು.

"ಈ ಫೋನ್ ಚಾರ್ಜರ್ ನನ್ನದೇ, ಯಾವಾಗಲೂ ಕಾರಲ್ಲೇ ಇರುತ್ತೆ. ಅದಕ್ಕೆ ಸಿಕ್ಕಿಸಿರೋ ವೈರು ನನ್ನದಲ್ಲ."

ಬಿಳೀ ವೈರು. ಒಂದು ಕಡೆ ಸಿಪ್ಪೆ ಹರಿದಿತ್ತು. ಹರಿದಲ್ಲಿ ಯಾರೋ ಒಪ್ಪವಾಗಿ ಕೆಂಪು ನೂಲು ಸುತ್ತಿದ್ದರು.

ಇನ್ಸ್‌ಪೆಕ್ಟರ್ ಮತ್ತೆ ಡಿಕ್ಕಿ ತೆಗೆಸಿದರು. ಈ ಸಲ ಟಾರ್ಚ್ ಬೆಳಕು ಬಿಟ್ಟು, ಬ್ಯಾಟರಿಯ ಮೇಲೆ ವೈರು ಕೂರುವ ಸೀಸದ ಮೊಳೆ ನೋಡಿದರು. ಅದರ ಮೈಮೇಲೆ ಕರಗಿ ಕಪ್ಪಾದ ಸಣ್ಣ ಕುಳಿ. ಹೊಸ ಗಾಯ. ಅವರ ಠಾಣೆಯ ಹಳೇ ಜೀಪು ಇಂಥ ಕುಳಿಗಳನ್ನು ಬೇಕಾದಷ್ಟು ತೋರಿಸಿತ್ತು. ಬೋಲ್ಟು ಬಿಗಿಯದೆ ವೈರನ್ನು ಸುಮ್ಮನೆ ಕೈಯಲ್ಲಿ ಕೂರಿಸಿ ಸ್ಟಾರ್ಟ್ ಮಾಡಿದರೆ ಅಲ್ಲಿ ಕಿಡಿ ಹಾರುತ್ತದೆ.

ಅಷ್ಟರಲ್ಲಿ ಶವ ನೋಡಿದ ಡಾಕ್ಟರ ಫೋನ್ ಬಂತು.

"ತಕ್ಷಣ ಹೋಗಿಲ್ಲ ಇವರು. ಸುಮಾರು ಹೊತ್ತು ಉಸಿರಾಡಿದ್ದಾರೆ. ಕಾರನ್ನ ಯಾರಾದ್ರೂ ಹಿಂದಕ್ಕೆ ತಳ್ಳಿ ಕರ್ಕೊಂಡು ಬಂದಿದ್ರೆ, ಉಳಿಸ್ಕೋಬಹುದಿತ್ತು."

ಇನ್ಸ್‌ಪೆಕ್ಟರಿಗೆ ಆ ಶೆಡ್ಡಿನಲ್ಲಿ ನಿಲ್ಲಲಾಗಲಿಲ್ಲ. ಒಬ್ಬ ಮನುಷ್ಯ ಇಲ್ಲಿ ಉಸಿರು ಹಿಡಿದು ಕಾದಿದ್ದ. ದಿನಾ ಊಟ ತರುವ ಹೆಜ್ಜೆಯ ಸದ್ದಿಗೇ ಕಾದಿರಬೇಕು. ಆ ಹೆಜ್ಜೆಯನ್ನು ಒಂದು ಫೋನ್ ಮನೆಯಲ್ಲೇ ಕೂರಿಸಿತ್ತು.

*

ಮಾರನೇ ದಿನ ಮೇಸ್ತ್ರಿಯ ಮನೆ. ಎರಡೇ ಕೋಣೆ. ನಡುಮನೆಯಲ್ಲಿ ಬಟ್ಟೆ ಹೊಲಿಯುವ ಮಿಷನ್ನು, ಅದರ ಮೇಲೆ ಕೆಂಪು ನೂಲಿನ ಉಂಡೆ. ಇನ್ಸ್‌ಪೆಕ್ಟರ್ ಅದನ್ನು ನೋಡಿ ಕಣ್ಣು ತಿರುಗಿಸಿದರು. ನೋಡದಿದ್ದರೆ ಚೆನ್ನಾಗಿತ್ತು.

ಮಗ ಗೋಡೆಗೆ ಒರಗಿ ಕೂತಿದ್ದ. ಮೀಸೆ ಬಂದು ವರ್ಷಗಳಾದವನು. ಕೆಲಸ ಹುಡುಕುವುದೇ ಅವನ ಕೆಲಸ.

"ನಿನ್ನೆ ಮಗ ಯಾವ ಫೋನಿಂದ ಮಾತಾಡಿದ್ದಮ್ಮ?"

"ಅವನದ್ದರಿಂದಲೇ. ಹೆಸರು ಬಂತಲ್ಲ. ಬೆಳಿಗ್ಗೆ ಅದು ಸತ್ತು ಬಿದ್ದಿತ್ತು ಸಾರ್. ಮನೇಲಿ ಕರೆಂಟಿಲ್ಲ, ಇವನಿಗೆ ಕೆಲಸದ ಫೋನ್ ಬರೋದಿದೆ. ನಾನೇನೋ ಕರೆಂಟ್ ತೆಗೆಸಿದೆ ಅನ್ನೋ ಹಾಗೆ ನನ್ನ ಮೇಲೆ ಹಾರಾಡಿ ಹೋದ."

ಇನ್ಸ್‌ಪೆಕ್ಟರ್ ಜೇಬಿನಿಂದ ಬಿಳೀ ವೈರು ತೆಗೆದು ಮಿಷನ್ನಿನ ಮೇಲಿಟ್ಟರು. ಆ ಕೈ ತಮ್ಮದಲ್ಲದಿದ್ದರೆ ಸಾಕಿತ್ತು ಎಂದುಕೊಂಡರು.

ತಾಯಿಯ ಮುಖ ಒಂದು ಕ್ಷಣ ಅರಳಿತು.

"ಅಯ್ಯೋ, ನನ್ನ ವೈರು! ನಿನ್ನೆಯಿಂದ ಹುಡುಕ್ತಿದ್ದೀನಿ. ನೋಡಿ, ನಾನೇ ನೂಲು ಸುತ್ತಿದ್ದು. ಎಲ್ಲಿ ಸಿಕ್ತು ಸಾರ್?"

ಆಕೆ ಇನ್ಸ್‌ಪೆಕ್ಟರನ್ನು ನೋಡಿದರು. ಮಗನನ್ನು ನೋಡಿದರು. ಮಗ ನೆಲ ನೋಡುತ್ತಿದ್ದ.

"ಕಾರಲ್ಲಿ ಸಿಕ್ತಮ್ಮ," ಎಂದರು ಇನ್ಸ್‌ಪೆಕ್ಟರ್. "ಕಾರು ಇಳಿಜಾರಿಗೆ ಎದುರಾಗಿ ಚಲಿಸಿದೆ, ಅಂದ್ರೆ ಯಾರೋ ಕೀ ತಿರುಗಿಸಿದ್ದಾರೆ. ಬೋಲ್ಟು ನಿಮ್ಮ ಯಜಮಾನರ ಜೇಬಲ್ಲೇ ಇತ್ತು, ಹಾಗಾಗಿ ಅವರು ಮರೆತಿಲ್ಲ. ಬೋಲ್ಟಿಲ್ಲದೆ ವೈರು ಕೂರಿಸಿದ ಕಿಡಿಯ ಗುರುತು ಬ್ಯಾಟರಿ ಮೇಲಿದೆ. ಯಾಕೆ ಕೂರಿಸಿದ್ರು? ಫೋನ್ ಚಾರ್ಜ್ ಮಾಡೋಕೆ. ಈ ಕಡೆ ಎಲ್ಲೂ ಕರೆಂಟಿಲ್ಲದ ದಿನ ಸತ್ತ ಫೋನು ಮಧ್ಯಾಹ್ನ ಮಾತಾಡಿತು. ಮಾತಾಡಿ, ಶೆಡ್ಡಿಗೆ ಹೋಗಬೇಡ ಅಂತ ನಿಮ್ಮನ್ನೇ ತಡೀತು."

ಮಗ ಬಾಯಿ ಬಿಟ್ಟ. ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ.

"ಶೆಡ್ಡಲ್ಲಿ ಯಾರೂ ಇರ್ಲಿಲ್ಲ. ಕೀ ಕಾರಲ್ಲೇ ಇತ್ತು. ಸ್ವಲ್ಪ ಹೊತ್ತು ಅಂತ ಬ್ಯಾಟರಿ ವೈರು ಕೂರಿಸಿ, ಫೋನ್ ಚಾರ್ಜಿಗೆ ಹಾಕಿ ಕಾರಲ್ಲಿ ಕೂತೆ. ಕಿವೀಲಿ ಹಾಡಿತ್ತು. ಬಾನೆಟ್ ಎತ್ತಿದ ಹಾಗೇ ಇತ್ತು, ಮುಂದೆ ಏನೂ ಕಾಣಲ್ಲ. ಅಪ್ಪ ಹಿತ್ತಿಲ ಬಾಗಿಲಿಂದ ಬಂದಿದ್ದು ಗೊತ್ತೇ ಆಗ್ಲಿಲ್ಲಮ್ಮ. ಇಂಜಿನ್ ಓಡಿದ್ರೆ ಬೇಗ ಚಾರ್ಜ್ ಆಗುತ್ತೆ ಅಂತ ಗೇರ್ ನೋಡದೆ ಕೀ ತಿರುಗಿಸಿದೆ…"

ಮೇಸ್ತ್ರಿ ಬ್ಯಾಟರಿಯನ್ನು ಮತ್ತೊಮ್ಮೆ ನೋಡಿರಲಿಲ್ಲ. ಬೋಲ್ಟು ಜೇಬಿನಲ್ಲಿತ್ತಲ್ಲ, ನೋಡುವುದೇನಿತ್ತು?

"ಆ ಕೆಲಸದ ಫೋನ್ ಬಂತಾ?" ಎಂದರು ಇನ್ಸ್‌ಪೆಕ್ಟರ್. ಯಾಕೆ ಕೇಳಿದರೋ ಅವರಿಗೇ ತಿಳಿಯಲಿಲ್ಲ.

"ಬರ್ಲಿಲ್ಲ."

ತಾಯಿ ಮಗನ ಹತ್ತಿರ ಬಂದು ಕೂತರು. ದನಿ ಏರಲಿಲ್ಲ.

"ಅಪ್ಪ ಮಾತಾಡಿದ್ರೇನೋ?"

ಮಗ ಮೊಣಕಾಲಿಗೆ ಮುಖ ಒತ್ತಿದ.

"ನನ್ನನ್ನ ನೋಡ್ಲಿಲ್ಲ, ಬಾನೆಟ್ ಅಡ್ಡ ಇತ್ತು. ಒಂದೇ ಮಾತು ಕೂಗಿದ್ರು. 'ಬ್ಯಾಟರಿ ಯಾವನೋ ಹಾಕಿದ್ದು?' ಅಂತ. ಸಿಟ್ಟು ಬಂದಾಗ ಕೂಗ್ತಾರಲ್ಲ, ಅದೇ ಥರ. ನಂಗೆ ಹೆದರಿಕೆ ಆಯ್ತು. ಬ್ಯಾಟರಿ ವೈರು ಕಿತ್ತು, ಬಟ್ಟೆ ಸುತ್ತಿ, ಓಡಿದೆ. ನೀನು ಬಂದ್ರೆ ಗೊತ್ತಾಗಿಬಿಡುತ್ತೆ ಅಂತ ಫೋನ್ ಮಾಡಿದೆ."

"'ನಾನೇ ಅಪ್ಪ' ಅನ್ನಬೇಕಿತ್ತು ಕಣೋ," ಎಂದರು ತಾಯಿ. "ಬೈತಿದ್ರು. ಎರಡೇಟು ಹೊಡೀತಿದ್ರು. ಹೊಡೆಯೋಕಾದ್ರೂ ಬದುಕಿರ್ತಿದ್ರು."

ಆಗ ಅವರಿಗೆ ಅಳು ಬಂತು.

*

ದಫೇದಾರರು ಮಗನನ್ನು ಜೀಪಿಗೆ ಹತ್ತಿಸಿದರು. ಇನ್ಸ್‌ಪೆಕ್ಟರ್ ಹೊಸ್ತಿಲಲ್ಲಿ ನಿಂತರು. ಕೊಟ್ಟ ಮಾತು ಉಳಿಸಿಕೊಂಡವರ ಮುಖ ಹಾಗಿರುವುದಿಲ್ಲ.

"ಅವರು ಬ್ಯಾಟರಿ ಕಳಚಿಯೇ ಕೆಲಸಕ್ಕೆ ನಿಂತಿದ್ರು ಅಂತ ಬರೆದಿದ್ದೀನಮ್ಮ. ಅವರದ್ದೇನೂ ತಪ್ಪಿಲ್ಲ."

ಆಕೆ ತಲೆಯಾಡಿಸಿದರು. ಮಿಷನ್ನಿನ ಮೇಲೆ ಆ ವೈರು ಬಿದ್ದಿತ್ತು. ಸಾಕ್ಷಿಗೆ ಬೇಕೆಂದು ಇನ್ಸ್‌ಪೆಕ್ಟರ್ ಕೈ ಚಾಚಿದಾಗ, ಆಕೆಯೇ ಅದನ್ನು ಸುರುಳಿ ಸುತ್ತಿ, ನೂಲು ಬಿಚ್ಚದ ಹಾಗೆ ನೋಡಿಕೊಂಡು ಕೊಟ್ಟರು.

"ನಾನೇ ಹುಡುಕಿ ಅಂದೆ ಅಲ್ವಾ ಸಾರ್," ಎಂದರು. "ಇನ್ನು ಊಟ ಯಾರಿಗೆ ತಗೊಂಡು ಹೋಗ್ಲಿ?"

ಹೊರಗೆ ಜೀಪು ಸ್ಟಾರ್ಟ್ ಆಯಿತು. ಇನ್ಸ್‌ಪೆಕ್ಟರ್ ವೈರನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದರು.