ಮಧುಪರ್ಕದ ಬಟ್ಟಲು

ಪೊನ್ನವತ್ತಿಯ ಹಿರಿಯ ಬೀದಿಗೆ ಅಂದು ನೀರು ಚಿಮುಕಿಸಿ ಧೂಳಡಗಿಸಿದ್ದರು. ಮೂಡಣ ಬಾಗಿಲಿನಿಂದ ಅರಮನೆಯವರೆಗೆ ಮಾವಿನ ತೋರಣ, ಅಂಗಡಿಗಳ ಮುಂದೆ ಪೂರ್ಣಕಲಶ, ಉಪ್ಪರಿಗೆಗಳ ಮೇಲೆ ಅಕ್ಷತೆ ಹಿಡಿದು ನಿಂತ ಸುಮಂಗಲಿಯರು. ಗಡಿಯ ಸಾಮಂತರನ್ನು ಮಣಿಸಿ ಮರಳುತ್ತಿದ್ದ ಸಿಂದರಸ ಮಹಾರಾಜನ ಕಹಳೆಗಳ ಸದ್ದಿಗೆ ಊರಿನ ಪಾರಿವಾಳಗಳಿಗೆ ಕೂರಲು ತಾವೇ ಇರಲಿಲ್ಲ. ಊರಿಗೆ ಊರೇ ಹಿಗ್ಗುತ್ತಿದ್ದಾಗ, ಅರಸನ ಆನೆಯ ಪಕ್ಕದಲ್ಲಿ ಕುದುರೆಯೇರಿ ಬರುತ್ತಿದ್ದ ದಂಡನಾಯಕ ಪಾರಿಸಣ್ಣನು ಮಾತ್ರ ತಲೆಯೆತ್ತಿ ಯಾರನ್ನೂ ನೋಡಲಿಲ್ಲ.

ಬೆಳಗ್ಗೆ ಊರಾಚೆಯ ಬಸದಿಯಲ್ಲಿ ಅವನು ಜಿನದರ್ಶನ ಮುಗಿಸಿ ಹೊರಬರುವಾಗ ಜಕ್ಕವ್ವೆ ಅಡ್ಡ ನಿಂತಿದ್ದಳು. ಅವಳು ರಾಣಿಯ ಅಣ್ಣನಾದ ಕೇತರಸನ ಅಡುಗೆಮನೆಯ ಆಳು, ಪಾರಿಸಣ್ಣನಂತೆ ಜೈನಳು. ಒಂದು ಹನಿ ಜೇನಿನಲ್ಲಿ ಎಷ್ಟೋ ಜೀವಗಳ ಸಾವಿದೆಯೆಂದು ಅದನ್ನು ಮುಟ್ಟದವಳು, ಜೇನಿನ ಗಡಿಗೆ ಕಂಡರೆ ಮುಖ ತಿರುಗಿಸಿಕೊಳ್ಳುವವಳು. ಆ ಧೈರ್ಯದಲ್ಲೇ ಕೇತರಸನು ಅವಳು ಅಲ್ಲಿರುವಾಗಲೇ ವಿಷದ ಬೇರನ್ನು ತೇದು ಅರಸನ ಮಧುಪರ್ಕಕ್ಕೆಂದಿಟ್ಟ ಜೇನಿನ ಗಡಿಗೆಗೆ ಬೆರೆಸಿದ್ದನು. ಜೇನು ಮುಟ್ಟದವಳಿಗೆ ಕಣ್ಣೂ ಇಲ್ಲವೆಂದುಕೊಂಡನೋ ಏನೋ, ಪುಣ್ಯಾತ್ಮ!

"ನನ್ನ ಹೆಸರು ಹೊರಬಿದ್ದರೆ ನನ್ನ ಮಕ್ಕಳನ್ನು ಉಳಿಸುವುದಿಲ್ಲ, ಬುದ್ಧೀ," ಎಂದು ಅವಳು ಎಲ್ಲವನ್ನೂ ತಿಳಿಸಿ ಕಾಲಿಗೆ ಬಿದ್ದಿದ್ದಳು. ಹೆಸರೆತ್ತುವುದಿಲ್ಲವೆಂದು ಪಾರಿಸಣ್ಣನು ಜಿನಬಿಂಬದ ಮುಂದೆ ಮಾತು ಕೊಟ್ಟಿದ್ದನು. ರಾಣಿಯ ಅಣ್ಣನ ಮೇಲೆ ಸಾಕ್ಷಿಯಿಲ್ಲದ ದೂರನ್ನು ಅರಸನು ನಂಬುವನೇ ಎಂದು ದಾರಿಯುದ್ದಕ್ಕೂ ತೂಗಿಕೊಂಡೇ ಬಂದಿದ್ದನು.

ಗೆದ್ದು ಬಂದ ಅರಸನು ಅರಮನೆಗೆ ಹೋಗುವ ಮುನ್ನ ರಾಣಿಯ ತವರಿನಲ್ಲಿ ಮಧುಪರ್ಕ ಸ್ವೀಕರಿಸುವುದು ಆ ವಂಶದ ಪದ್ಧತಿ. ಕೇತರಸನು ಅರಸನ ಪಾದ ತೊಳೆದು, ಮೊಸರು, ತುಪ್ಪ, ಜೇನು ಬೆರೆಸಿದ ಕಂಚಿನ ಬಟ್ಟಲನ್ನು ಎರಡೂ ಕೈಗಳಿಂದ ಮುಂದೆ ಹಿಡಿದನು.

"ಮಹಾಪ್ರಭು, ಅದನ್ನು ಸೇವಿಸಲಾಗದು. ಅದರಲ್ಲಿ ವಿಷವಿದೆ," ಎಂದನು ಪಾರಿಸಣ್ಣ.

ಮಂಗಳವಾದ್ಯ ಅರ್ಧಕ್ಕೇ ನಿಂತಿತು. ಅರಸನು ಹುಬ್ಬು ಗಂಟಿಕ್ಕಿ, "ಯಾರು ಹೇಳಿದರು, ದಂಡನಾಯಕರೇ?" ಎಂದು ಕೇಳಿದನು.

"ಅದನ್ನು ಹೇಳಲಾರೆ."

ಕೇತರಸನು ಸಮಾಧಾನವಾಗಿಯೇ ನಕ್ಕನು. "ಬಸದಿಯ ಗದ್ದೆ ನನ್ನ ವಶಕ್ಕೆ ಬಂದಾಗಿನಿಂದ ಇವರಿಗೆ ನಮ್ಮ ಮನೆಯ ನೀರೂ ವಿಷವೇ. ರಣರಂಗದಲ್ಲಿ ತಲೆಗಳನ್ನು ಉರುಳಿಸುವ ಜೈನರು ಜೇನಿಗೆ ಹೆದರುವುದನ್ನು ಇಂದು ನೋಡಿದೆ."

"ಜಿನನೆಂದರೆ ತನ್ನನ್ನು ಗೆದ್ದವನು, ಕೇತರಸರೇ. ಜೈನನೆಂದರೆ ಅವನ ದಾರಿ ಹಿಡಿದವನು, ಅಷ್ಟೆ. ಆ ದಾರಿಯಲ್ಲಿ ನಾನು ಎಡವಿದ್ದು ಎಷ್ಟೋ ಸಲ. ಈಗ ಒಂದು ಗುಟುಕು ನೀವೇ ಕುಡಿಯಿರಿ."

"ಅತಿಥಿಗೆ ಅರ್ಪಿಸಿದ್ದನ್ನು ಎಂಜಲು ಮಾಡುವ ಮನೆತನ ನಮ್ಮದಲ್ಲ."

ಅರಸನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಒಂದು ಕಡೆ ಹೆಂಡತಿಯ ಒಡಹುಟ್ಟಿದವನು, ಇನ್ನೊಂದು ಕಡೆ ತನ್ನ ಬಲಗೈಯಂಥವನು. "ಅಂಗಳದ ಜಿಂಕೆಮರಿಗೆ ಕುಡಿಸಿ ನೋಡಿ," ಎಂದು ಬೇಸತ್ತು ನುಡಿದನು. ಆಳು ಮರಿಯ ಹಗ್ಗ ಬಿಚ್ಚಿದನು.

"ಬೇಡ, ಮಹಾಪ್ರಭು. ನನ್ನ ಮಾತಿಗೆ ಆ ಮೂಕಪ್ರಾಣಿಯ ಜೀವವನ್ನು ಒತ್ತೆಯಿಡಲಾರೆ."

"ಕೇಳಿದಿರಾ? ಪರೀಕ್ಷೆಯೂ ಬೇಡವಂತೆ," ಎಂದನು ಕೇತರಸ.

ಸಿಂದರಸನು ನಿಟ್ಟುಸಿರಿಟ್ಟು ಬಟ್ಟಲಿಗೆ ಕೈ ಚಾಚಿದನು. ಪಾರಿಸಣ್ಣನು ಕ್ಷಣದಲ್ಲೇ ಲೆಕ್ಕ ಹಾಕಿದನು. ಬಟ್ಟಲನ್ನು ಚೆಲ್ಲಿಬಿಟ್ಟರೆ? ಗಡಿಗೆಯಲ್ಲಿ ಇನ್ನೂ ಇತ್ತು. ತಾನು ಸೆರೆಮನೆ ಸೇರಿದ ಮೇಲೆ ಮುಂದಿನ ಬಟ್ಟಲನ್ನು ತಡೆಯುವವರು ಯಾರು? ಅವನು ಮುಂದೆ ಬಂದು ಬಟ್ಟಲನ್ನು ಕಸಿದುಕೊಂಡು ಗಟಗಟನೆ ಕುಡಿದುಬಿಟ್ಟನು.

ಅರಸನು ಪೀಠದಿಂದ ಎದ್ದು ನಿಂತನು. ಹಿಂದೊಮ್ಮೆ ಬಾಣದ ಗಾಯ ಕೀತು ಜ್ವರದಲ್ಲಿ ಬಡಬಡಿಸುತ್ತಿದ್ದಾಗಲೂ ಜೇನಿನಲ್ಲಿ ಕಲಸಿದ ಔಷಧವನ್ನು ಉಗುಳಿದ್ದ ಮನುಷ್ಯ ಇವನು. ವಿಷ ಏರುವುದನ್ನು ಅರಸನು ಕಾಯಲಿಲ್ಲ.

"ಕೇತರಸರನ್ನು ಹಿಡಿಯಿರಿ," ಎಂದನು.

ಭಟರು ಕೇತರಸನ ರಟ್ಟೆ ಹಿಡಿದರು. ಅಷ್ಟರಲ್ಲಿ ಪಾರಿಸಣ್ಣನ ತುಟಿ ನೀಲಿಗಟ್ಟಿ, ಅವನು ಕಂಬಕ್ಕೊರಗಿ ಕುಸಿದನು. ಪರಿವಾರದಲ್ಲಿದ್ದ ವೈದ್ಯ ಸೋವಣ್ಣನು ಓಡಿಬಂದು ನಾಡಿ ಹಿಡಿದನು. ಮದ್ದಿನ ಬೇರು, ತೇಯುವ ಕಲ್ಲು ತೆಗೆದು ತನ್ನ ಸಂಚಿಯ ಜೇನಿನ ಭರಣಿ ಬಿಚ್ಚಿದನು. ಪಾರಿಸಣ್ಣನು ಅವನ ಕೈ ತಡೆದನು.

"ತುಪ್ಪದಲ್ಲಿ ತೇಯಿರಿ."

"ಜೇನಿನಲ್ಲಾದರೆ ಕೂಡಲೇ ಮೈಗೆ ಹತ್ತುತ್ತದೆ, ದಂಡನಾಯಕರೇ. ತುಪ್ಪದಲ್ಲಿ ತಡ. ಅಷ್ಟು ಹೊತ್ತು ನೀವು ತಡೆಯಲಾರಿರಿ."

ಅರಸನು ನೆಲದ ಮೇಲೇ ಕುಳಿತು ಪಾರಿಸಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡನು. "ಹಟ ಮಾಡಬೇಡಿ. ಈಗಷ್ಟೇ ಕುಡಿದಿರಲ್ಲ."

"ಅದು ಮಹಾಪ್ರಭುಗಳಿಗಾಗಿ. ಇದು ನನಗಾಗಿ. ನನಗಾಗಿ ಆಗದು."

"ಅರಸನ ಆಜ್ಞೆಯೆಂದರೆ?"

ಪಾರಿಸಣ್ಣನು ಕಷ್ಟದಿಂದ ಉಸಿರೆಳೆದುಕೊಂಡನು. "ಆಜ್ಞೆಯೆಂದರೆ ಕುಡಿಯುತ್ತೇನೆ. ಎಂದಾದರೂ ಮೀರಿದ್ದುಂಟೇ? ಆದರೆ ಆಜ್ಞಾಪಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ."

ಒಂದೇ ಮಾತು ಸಾಕಿತ್ತು. ಅದು ಅರಸನ ನಾಲಗೆಯ ತುದಿಗೂ ಬಂದಿತ್ತು. ಅವನು ಅದನ್ನು ನುಂಗಿಕೊಂಡನು. ದಂಡನಾಯಕನ ತಲೆಯನ್ನು ಮೆಲ್ಲನೆ ವೈದ್ಯನ ಮಡಿಲಿಗೆ ಸರಿಸಿ, ಕಲ್ಲನ್ನು ತನ್ನ ಮುಂದಕ್ಕೆಳೆದುಕೊಂಡು, ತುಪ್ಪ ಸುರಿದು, ಕತ್ತಿ ಹಿಡಿದು ಅಭ್ಯಾಸವಾದ ಕೈಯಿಂದ ಆ ಬೇರನ್ನು ತೇಯತೊಡಗಿದನು. ಬೇರು ಜಾರುತ್ತಿತ್ತು. ಬೆರಳು ತರಚಿ ರಕ್ತ ಬಂದರೂ ಅವನು ತಲೆಯೆತ್ತಲಿಲ್ಲ.

"ಸಾಕು, ಮಹಾಪ್ರಭು," ಎಂದು ಸೋವಣ್ಣನು ಪಾರಿಸಣ್ಣನ ಕಣ್ಣೆವೆಗಳನ್ನು ಮುಚ್ಚಿದ ಮೇಲೂ ಅರಸನು ತೇಯುತ್ತಲೇ ಇದ್ದನು.