ಬೆನ್ನಿಗೆ ಬೆನ್ನು

ಚೆಂಡು ಹಾರಿಬಂದು ಹಾಲಪ್ಪನ ಎದೆಗೆ ಬಡಿದು ಕೆಳಗೆ ಬಿತ್ತು. ಅವನು ಹಿಡಿಯಲಿಲ್ಲ. ಹಿಡಿಯುವ ಮನಸ್ಸೂ ಇರಲಿಲ್ಲ.

"ಕ್ಯಾಚ್, ಹಾಲಪ್ಪ ಭಾಯ್, ಕ್ಯಾಚ್!" ಟೀಚರು ಹೇತಲ್‌ಬೆನ್ ಚಪ್ಪಾಳೆ ತಟ್ಟಿದರು. ಚೆಂಡು ಸಿಕ್ಕವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಬೇಕು, ಇಷ್ಟದ ತಿಂಡಿ ಹೇಳಬೇಕು, ಇನ್ನೊಬ್ಬರಿಗೆ ಎಸೆಯಬೇಕು. ಇದು ಪಾಠವಂತೆ!

ವಡೋದರಾದ ಗೋರ್ವಾದಲ್ಲಿ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ಸಂಜೆ ಕ್ಲಾಸು ಅದು. ಹಾಲಪ್ಪ ದಿನವಿಡೀ ಮಕರಪುರದ ಫ್ಯಾಕ್ಟರಿಯಲ್ಲಿ ಲೇತ್ ಮಷೀನಿನ ಮುಂದೆ ನಿಂತು, ಊರಿನ ಆ ತುದಿಯಿಂದ ಈ ತುದಿಗೆ ಬಂದಿದ್ದ. ಗಿರಾಕಿಗಳ ಕಡೆ ಹೋಗಿ ಮಷೀನು ಕೂಡಿಸುವ ಕೆಲಸ ಬೇಕಿದ್ದರೆ ಇಂಗ್ಲಿಷ್ ಕಲಿತು ಬಾ ಎಂದಿದ್ದರು ಮ್ಯಾನೇಜರು. ಕಲಿಯೋಣ ಅಂತ ಬಂದರೆ ಚೆಂಡಾಟ.

"ಇದೇನ್ ಸಾಲಿನೋ, ಹುಚ್ಚರ ಸಂತಿನೋ," ಅವನು ಹಲ್ಲು ಕಚ್ಚಿಕೊಂಡು ಗೊಣಗಿದ. "ಗಡ್ಡ ಮೀಸಿ ಬಂದ ಗಂಡಸರನ್ನ ನಿಲ್ಲಿಸಿ ಚೆಂಡು ಆಡಸ್ತಾರ. ನಾಳೆ ಕುಂಟಬಿಲ್ಲಿನೂ ಆಡಸ್ತಾರ ಇವರು."

ಎದುರಿಗಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಪಿಸ್ತಾ ಬಣ್ಣದ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಬಾಯಿ ಮುಚ್ಚಿತು, ಕಣ್ಣು ಮುಚ್ಚಲಿಲ್ಲ. ಆ ಕಣ್ಣುಗಳು ದುಪಟ್ಟಾದ ಅಂಚಿನ ಮೇಲಿಂದ ಅವನನ್ನೇ ನೋಡುತ್ತ ಇನ್ನೂ ನಗುತ್ತಿದ್ದವು.

ಹಾಲಪ್ಪನಿಗೆ ನೆತ್ತಿ ಕಾದಿತು. ನನ್ನ ಗೊಣಗಾಟ ನೋಡಿಯೇ ನಗುವವಳು ಇನ್ನು ನನ್ನ ಇಂಗ್ಲಿಷ್ ಕೇಳಿದರೆ ಹೊರಳಾಡಿ ನಗುತ್ತಾಳೆ ಅಂದುಕೊಂಡ. ನಾಳೆಯಿಂದ ಈ ಕಡೆ ಕಾಲಿಡುವುದಿಲ್ಲ ಎಂದು ನಿರ್ಧರಿಸಿ, ಕ್ಲಾಸ್ ಮುಗಿದಾಗ ಮೆಟ್ಟಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದ.

"ಹ್ವಾಯ್, ನಾಳೆನೂ ಹುಚ್ಚರ ಸಂತೆಗೆ ಬತ್ರಿ ಅಲ್ದಾ?"

ಒಂದು ಕಾಲಿಗೆ ಶೂ, ಇನ್ನೊಂದು ಬರಿಗಾಲು. ಹಾಗೇ ತಲೆ ಎತ್ತಿದ. ಪಿಸ್ತಾ ಬಣ್ಣದ ದುಪಟ್ಟಾ.

"ನೀವು... ಕನ್ನಡದವರೇನ್ರಿ?"

"ಅರ್ಧ. ಹುಟ್ಟಿದ್ದು ಇಲ್ಲೇ, ಕಲ್ತದ್ದು ಗುಜರಾತಿ ಮೀಡಿಯಂ. ಅಪ್ಪ ಉಡುಪಿ ಹೋಟೆಲಲ್ಲಿ ಅಡುಗೆಗೆ ಇದ್ರ್. ನಂಗೆ ಕನ್ನಡದಲ್ಲಿ ಬೈಗುಳ ಮಾತ್ರ ಪಕ್ಕಾ ಅರ್ಥ ಆತ್. ಬೇರೆ ಎಲ್ಲ ಗುಜರಾತಿಲೇ ಹೇಳುವ ಅಮ್ಮ, ಬೈಯುಕೆ ಮಾತ್ರ ಕನ್ನಡ." ಅವಳು ಕೈ ಮುಂದೆ ಮಾಡಿ, ಆಗಷ್ಟೇ ಕಲಿತ ಪಾಠವನ್ನು ಒಪ್ಪಿಸಿದಳು. "ಮೈ ನೇಮ್ ಈಸ್ ಪ್ರಾರ್ಥನಾ. ಐ ಲೈಕ್ ಸೇವ್ ಉಸಳ್."

ಮರುದಿನ ಅವನು ಬೇಗನೆ ಬಂದಿದ್ದ. ಬಸ್ಸು ಬೇಗ ಸಿಕ್ಕಿತು ಎಂದು ಯಾರೂ ಕೇಳದಿದ್ದರೂ ಹೇಳಿದ.

*

ಹೇತಲ್‌ಬೆನ್ ಕ್ಲಾಸಿನಲ್ಲಿ ಎಲ್ಲವೂ ಜೋಡಿಯಾಗಿ ಮಾಡುವ ಆಟಗಳೇ. ಹಾಲಪ್ಪನ ಜೋಡಿ ಪ್ರಾರ್ಥನಾ. ಆಟ ಮುಗಿದ ಮೇಲೆ ಜೋಡಿಗೆ 'ಥ್ಯಾಂಕ್ ಯೂ' ಹೇಳಬೇಕೆಂಬುದು ಕಡ್ಡಾಯದ ನಿಯಮ. ಪ್ರಾರ್ಥನಾ ಹೇಳುತ್ತಿದ್ದಳು. ಹಾಲಪ್ಪ ತಲೆಯಾಡಿಸಿ ಸುಮ್ಮನಾಗುತ್ತಿದ್ದ.

ಒಂದು ಸಂಜೆ ಹೋಟೆಲಿನ ಆಟ. ಅವಳು ಗಿರಾಕಿ, ಅವನು ವೇಟರ್. ತಣ್ಣಗಾದ ಸೂಪ್ ಬಗ್ಗೆ ಅವಳು ಜಗಳ ತೆಗೆಯಬೇಕು.

"ಎಕ್ಸ್‌ಕ್ಯೂಸ್ ಮಿ... ಸಾರಿ... ಸೂಪ್ ಈಸ್ ಕೋಲ್ಡ್. ಬಟ್ ನೋ ಪ್ರಾಬ್ಲಂ. ಐ ವಿಲ್ ಡ್ರಿಂಕ್."

ಎಲ್ಲರೂ ನಕ್ಕರು. ಹೇತಲ್‌ಬೆನ್ ಪಾತ್ರ ಬದಲಿಸಿದರು. ಈಗ ಹಾಲಪ್ಪ ಗಿರಾಕಿ. ಅವನು ಮೇಜು ಗುದ್ದಿ ಎದ್ದುನಿಂತ. ಎದೆಯಲ್ಲಿ ಬೆಂಕಿ ಸಿದ್ಧವಿತ್ತು, ಬಾಯಿ ತೆರೆದರೆ ಹೊರಬಂದದ್ದು ಇಷ್ಟು: "ದಿಸ್ ಸೂಪ್... ಪ್ಲೀಸ್... ಕುಡ್ ಯೂ... ಹಾಟ್?"

ತಾನೇ ಬೆರಗಾದ. ಆ ಭಾಷೆಯಲ್ಲಿ ಅವನ ಬಳಿ ಸಿಟ್ಟಿಗೆ ಮಾತೇ ಇರಲಿಲ್ಲ. ಹೇತಲ್‌ಬೆನ್ ಕೊಟ್ಟಿದ್ದೆಲ್ಲ ಪ್ಲೀಸು, ಕುಡ್ ಯೂ, ವುಡ್ ಯೂ ಮೈಂಡು. ಬೈಗುಳವೆಲ್ಲ ಕನ್ನಡದಲ್ಲೇ ಉಳಿದುಬಿಟ್ಟಿತ್ತು. ಇಂಗ್ಲಿಷಿನಲ್ಲಿ ಅವನು ಯಾರದೋ ಮನೆಗೆ ಮೊದಲ ಸಲ ಬಂದ ನೆಂಟನಂತೆ ಮೆತ್ತಗೆ, ಸಂಕೋಚದಿಂದ ಮಾತಾಡುತ್ತಿದ್ದ.

ಕ್ಲಾಸ್ ಬಿಟ್ಟ ಮೇಲೆ ಇಬ್ಬರೂ ಸೇವ್ ಉಸಳ್ ಗಾಡಿಯ ಮುಂದೆ ನಿಂತರು. ಖಾರದ ರಸ ಉಕ್ಕುವ ಬಟಾಣಿಯ ಮೇಲೆ ಗಾಡಿಯವನು ಸೇವು ಉದುರಿಸಿದ.

"ನಂಗೆ ಗುಸ್ಸಾ ಮಾಡುಕೆ ಕಲ್ಸಿ," ಅಂದಳು ಪ್ರಾರ್ಥನಾ. "ನಾನು ಹೋಟೆಲ್ ರಿಸೆಪ್ಶನ್ ಕೆಲ್ಸಕ್ಕೆ ಟ್ರೈ ಮಾಡ್ತಾ ಇದ್ದೆ. ಯಾರು ಎಂತ ಹೇಳಿದ್ರೂ ಸಾರಿ ಹೇಳಿ ಹೇಳಿ ನನ್ ಬಾಯಿಗೆ ಅದೇ ಅಭ್ಯಾಸ ಆಯ್ತ್."

"ಅದೇನ್ ಕಲಸೂದ್ರಿ? ಮೊದಲ ಕಣ್ಣು ಅಗಲ ಮಾಡ್ರಿ."

ಅವಳು ಅಗಲ ಮಾಡಿದಳು. ಹಾಲಪ್ಪ ಮುಂದಿನ ಪಾಠ ಮರೆತ. ಗಾಡಿಯ ಬಲ್ಬಿನ ಬೆಳಕು ಅವಳ ಕಣ್ಣೊಳಗೆ ಎರಡು ಹಳದಿ ಚುಕ್ಕೆಯಾಗಿ ಕೂತಿತ್ತು.

"ಆಮೇಲೆ?"

"ಆಮೇಲೆ... ಉಸಳ್ ಆರತೈತಿ, ತಿನ್ರಿ."

ಅವಳು ಗೆದ್ದವಳಂತೆ ಚಮಚ ಎತ್ತಿದಳು. "ಕಾಣಿ, ನಾನು ನಿಮ್ಗೆ ಇಷ್ಟು ಪ್ಲೀಸ್ ಕಲ್ಸಿದೆ. ಒಂದು ದಿನನೂ ಥ್ಯಾಂಕ್ ಯೂ ಇಲ್ಲ. ಅದ್ಕೆ ಟ್ಯಾಕ್ಸ್ ಕಟ್ಕಾ?"

"ನಮ್ಮ ಕಡೆ ಹಂಗ ಅನ್ನಂಗಿಲ್ರಿ. ಥ್ಯಾಂಕ್ಸ್ ಅಂದ್ರ ಲೆಕ್ಕ ಚುಕ್ತಾ ಆತು, ಇನ್ನ ನೀ ನಿನ್ನ ದಾರಿ ಹಿಡಿ ಅಂದಂಗ."

"ಮತ್ತೆ ನಿಮ್ಮ ಕಡೆ ಎಂತ ಹೇಳ್ತ್ರ್?"

"ನಮ್ಮವ್ವ ಒಂದು ಮಾತು ಅಂತಾಳ. ಸುಮ್ಮಸುಮ್ಮನ ಅನ್ನೂದಲ್ಲ ಅದು. ಖರೇ ಮನಸಿಗೆ ಹತ್ತಿದ್ರ ಅಷ್ಟ."

"ಎಂತ ಮಾತು?"

"ಬಂದಾಗ ಕೇಳ್ತೀರಲ್ಲ."

ಅವಳು ಹುಬ್ಬು ಗಂಟಿಕ್ಕಿದಳು. ಆ ದಿನ ಅವಳು ಕಲಿತ ಸಿಟ್ಟು ಅಷ್ಟೇ, ಅದೂ ಚಂದವಾಗಿಯೇ ಇತ್ತು.

*

ಎಡವಟ್ಟಾದದ್ದು ಚೀಟಿಯ ಆಟದಲ್ಲಿ. ಪ್ರತಿಯೊಬ್ಬರ ಕೈಗೂ ಒಂದು ಚೀಟಿ. ಅದರಲ್ಲಿದ್ದಂಥ ವ್ಯಕ್ತಿಯನ್ನು ಹುಡುಕುತ್ತ ಕೋಣೆಯೆಲ್ಲ ತಿರುಗಬೇಕು, ಸಿಕ್ಕಸಿಕ್ಕವರನ್ನು ಇಂಗ್ಲಿಷಿನಲ್ಲಿ ಕೇಳಬೇಕು. ಈಜು ಬರುವವರು ಯಾರು, ಅವಳಿಜವಳಿ ಯಾರು, ಹೀಗೆ. ಸೀರೆ ಅಂಗಡಿಯ ಸೇಠ್ ಕೈಗೆ ಸಿಕ್ಕದ್ದು ಕಾಲೇಜು ಮುಗಿಸಿದವರನ್ನು ಹುಡುಕುವ ಚೀಟಿ.

"ಡಿಡ್ ಯೂ ಫಿನಿಶ್ ಕಾಲೇಜ್?" ಸೇಠ್ ಹಾಲಪ್ಪನ ಮುಂದೆ ನಿಂತ.

"ನೋ."

ಆಟ ಅಲ್ಲಿಗೆ ಮುಗಿಯಬೇಕಿತ್ತು. ಸೇಠ್‌ಗೆ ಮಾತಾಡುವ ಹುಮ್ಮಸ್ಸು. "ಟ್ವೆಲ್ತ್? ನೋ? ಟೆಂತ್? ಟೆಂತ್ ಆಲ್ಸೋ ನೋ?"

ಹಾಲಪ್ಪ ತನ್ನ ಚೀಟಿಯನ್ನು ಮೇಜಿನ ಮೇಲಿಟ್ಟು ಹೊರನಡೆದ. ಈ ಸಲ ಗೊಣಗಲೂ ಇಲ್ಲ.

ಕ್ಲಾಸಿನ ಹೊರಗೆ ನಿಲ್ಲುವುದು ಅವನಿಗೆ ಹೊಸದಲ್ಲ. ಒಂಬತ್ತನೇ ಇಯತ್ತೆಯಲ್ಲಿ ಅವನು ಇಂಗ್ಲಿಷ್ ಪಾಠ ಓದಲು ತಡವರಿಸಿದಾಗಲೆಲ್ಲ ಮಾಸ್ತರರು, "ನಿನಗ್ಯಾಕಲೇ ಇದು? ಹೊರಗ ನಿಲ್ಲು" ಅನ್ನುತ್ತಿದ್ದರು. ಒಂದು ದಿನ ಹೊರಗೆ ನಿಂತವನು ಹಾಗೇ ಗೇಟಿನ ಕಡೆ ನಡೆದ. ಬೇಕೆಂದೇ ನಿಧಾನ ನಡೆದ. ಯಾರಾದರೂ ಕರೆದಾರು ಎಂದು ಕಿವಿ ಹಿಂದಕ್ಕೇ ಇತ್ತು. ಯಾರೂ ಕರೆಯಲಿಲ್ಲ. ಅವತ್ತು ಹೊತ್ತಿದ ಕಿಚ್ಚು ಇನ್ನೂ ಆರಿರಲಿಲ್ಲ. ಉಸಳ್ ಗಾಡಿಯ ಮುಂದೆ ಒಮ್ಮೆ ಪ್ರಾರ್ಥನಾಳಿಗೂ ಇದನ್ನು ಹೇಳಿದ್ದ.

ಈಗಲೂ ಮೆಟ್ಟಿಲನ್ನು ನಿಧಾನವಾಗಿಯೇ ಇಳಿದ. ಅದು ಅವನಿಗೇ ತಿಳಿಯಲಿಲ್ಲ.

"ಹ್ವಾಯ್! ನಿಲ್ಲಿ!"

ಪ್ರಾರ್ಥನಾ ಚಪ್ಪಲಿಯನ್ನೂ ಹಾಕದೆ ಓಡಿ ಬಂದಿದ್ದಳು.

"ಒಳ್ಗೆ ಬನಿ."

"ನಾ ಬರಂಗಿಲ್ಲ. ನೀವು ಓದಿದವರು, ನೀವ ಆಡ್ರಿ ಆಟ."

"ನೀವು ಹೋದ್ರೆ ನಂಗೆ ಜೋಡಿ ಯಾರು? ನಾಳೆಯಿಂದ ಆ ಸೇಠ್ ಹತ್ರ ಕೂಕಂಡು ಸೀರೆ ರೇಟ್ ಕೇಂಬ್ಕಾ?" ಅವಳ ಕಣ್ಣು ಅಗಲವಾಯಿತು, ಕಲಿಸಿದ್ದಕ್ಕಿಂತ ಅಗಲ. "ನಿಮ್ಗೆ ಎಲ್ಲರ ಮೇಲೂ ಗುಸ್ಸಾ! ಯಾರೋ ಒಬ್ರು ಹೊರಗೆ ನಿಲ್ಸಿದ್ರ್ ಅಂದ್ಕಂಡು ನೀವೇ ಹೋಯಿ ಹೋಯಿ ಹೊರಗೆ ನಿಂತ್ರೆ ತಪ್ಪು ಯಾರದ್ದು? ಹುಚ್ಚರ ಸಂತೆ ಆದ್ರೂ ಅಡ್ಡಿಲ್ಲ. ಬನಿ ಒಳ್ಗೆ!"

ಹಾಲಪ್ಪನ ಪಾಠ ಅವನ ಮೇಲೇ ಪ್ರಯೋಗವಾಗಿತ್ತು. ಮೇಲಿನ ಮೆಟ್ಟಿಲಲ್ಲಿ ಹೇತಲ್‌ಬೆನ್ ನಿಂತಿದ್ದರು. "ಆ ಚೀಟಿ ಬರೆದದ್ದು ನನ್ನ ತಪ್ಪು, ಹಾಲಪ್ಪ ಭಾಯ್," ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. "ಹರಿದು ಹಾಕಿದ್ದೇನೆ."

ಒಬ್ಬ ಟೀಚರು ತನ್ನ ಮುಂದೆ ತಪ್ಪೊಪ್ಪಿದ್ದನ್ನು ಹಾಲಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಇಳಿದ ಮೆಟ್ಟಿಲುಗಳನ್ನು ಮತ್ತೆ ಹತ್ತಿದ. ಬಾಗಿಲ ಬಳಿ ಸೇಠ್ ಅವನಿಗಾಗಿ ಕುರ್ಚಿ ಎಳೆದಿಟ್ಟು ಪೆಚ್ಚಾಗಿ ನಿಂತಿದ್ದ.

*

ಬ್ಯಾಚಿನ ಕಡೆಯ ಸಂಜೆಯ ಹೊತ್ತಿಗೆ ಹಾಲಪ್ಪನಿಗೆ ಬೇಕಾದದ್ದು ಸಿಕ್ಕಿತ್ತು. ಮ್ಯಾನೇಜರು ಅವನಿಂದ ಮಷೀನಿನ ವಿವರಣೆ ಕೇಳಿ ತಲೆದೂಗಿದ್ದರು. ಮೊದಲ ಕೆಲಸ ಅಹಮದಾಬಾದಿನಲ್ಲಿ, ಮಣಿನಗರದಲ್ಲಿ ರೂಮು. ಪ್ರಾರ್ಥನಾಳಿಗೂ ಕೆಲಸ ಸಿಕ್ಕಿತ್ತು. ಸೂರತ್‌ನ ಹೋಟೆಲೊಂದರ ರಿಸೆಪ್ಶನ್ನು.

ಅಹಮದಾಬಾದು ಉತ್ತರಕ್ಕೆ, ಸೂರತ್ತು ದಕ್ಷಿಣಕ್ಕೆ. ಇಬ್ಬರೂ ಒಂದೇ ಸ್ಟೇಷನ್ನಿನಲ್ಲಿ ನಿಂತು ಎದುರುಬದುರು ರೈಲು ಹತ್ತಬೇಕು. ಅವಳಿಗೆ ಹೇಳಬೇಕಾದ್ದನ್ನು ಹಾಲಪ್ಪ ಮೂರು ಭಾಷೆಯಲ್ಲೂ ಹೆಣೆದು ನೋಡಿದ್ದ. ಒಂದರಲ್ಲೂ ಧೈರ್ಯ ಸಾಲಲಿಲ್ಲ. ಅವಳಿಗೆ ಇಷ್ಟವಾದದ್ದು ಇಂಗ್ಲಿಷಿನ ಮೆತ್ತಗಿನ ಹಾಲಪ್ಪನಾದರೆ, ಕನ್ನಡದಲ್ಲಿ ಉರಿಯುವ ಇವನನ್ನು ಏನು ಮಾಡುವುದು?

"ಕೊನೆಯ ಆಟ," ಹೇತಲ್‌ಬೆನ್ ಹೇಳಿದರು. ಜೋಡಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರು ತಮ್ಮ ಮನಸ್ಸಿನಲ್ಲಿರುವ ಒಂದು ಜಾಗವನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಇನ್ನೊಬ್ಬರು ಕೇಳಿ ಕೇಳಿ ಬಿಡಿಸಬೇಕು. ಚಿತ್ರ ಮುಗಿಯುವ ತನಕ ತಿರುಗುವಂತಿಲ್ಲ.

ಕುರ್ಚಿಗಳು ಬೆನ್ನು ತಾಗಿಸಿದವು. ಅವಳ ಜಡೆಯ ತುದಿ ಅವನ ಭುಜದ ಮೇಲೆ ಬಿತ್ತು. ಅವಳು ಅದನ್ನು ತೆಗೆಯಲಿಲ್ಲ, ಅವನು ಉಸಿರಾಡಲಿಲ್ಲ.

"ಒನ್ ರೂಮ್," ಅಂದಳು. "ಸ್ಮಾಲ್ ರೂಮ್. ಇನ್ ಸೂರತ್."

ಅವನು ಚೌಕ ಎಳೆದ. ಗೆರೆ ಸೊಟ್ಟಗಾಯಿತು. "ವಿಂಡೋ?"

"ಎಸ್. ಲೆಫ್ಟ್ ಸೈಡ್. ಔಟ್‌ಸೈಡ್, ರಿವರ್."

"ಟೇಬಲ್?"

"ಟೇಬಲ್, ಎಸ್. ಆನ್ ದ ಟೇಬಲ್, ಟೀ. ಟೂ ಕಪ್ಸ್."

ಪೆನ್ಸಿಲು ನಿಂತಿತು. "ಟೂ? ಹೂ ಈಸ್ ಸೆಕೆಂಡ್ ಕಪ್?"

ಬೆನ್ನ ಹಿಂದೆ ಅವಳ ಬಳೆಯ ಸದ್ದು ಮಾತ್ರ.

"ಒನ್ ಮ್ಯಾನ್."

"ಗುಡ್ ಮ್ಯಾನ್?" ಹಾಲಪ್ಪ ಕೇಳಿದ.

"ವೆರಿ ಆಂಗ್ರಿ ಮ್ಯಾನ್. ಎವೆರಿ ಡೇ ಆಂಗ್ರಿ. ಟೀ ಹಾಟ್, ಆಂಗ್ರಿ. ಟೀ ಕೋಲ್ಡ್, ಆಂಗ್ರಿ." ದನಿಯಲ್ಲಿ ನಗು ತುಳುಕುತ್ತಿತ್ತು. "ಐ ಲೈಕ್ ಆಂಗ್ರಿ ಮ್ಯಾನ್. ಪ್ಲೀಸ್ ಡ್ರಾ."

ಹಾಲಪ್ಪ ಬಿಡಿಸಿದ. ಕಬ್ಬಿಣವನ್ನು ಕೂದಲೆಳೆಯಷ್ಟು ಸಣ್ಣಗೆ ಕೊರೆಯುವ ಕೈ, ಒಬ್ಬ ಮನುಷ್ಯನ ತಲೆ ದುಂಡಗೆ ಎಳೆಯಲಾರದೆ ಸೋತಿತು.

"ಡೋರ್?" ಅವನು ಕೇಳಿದ. "ಓಪನ್, ಕ್ಲೋಸ್?"

"ಓಪನ್. ಫುಲ್ ಓಪನ್."

"ಫಿನಿಶ್," ಅಂದ ಹಾಲಪ್ಪ.

ಇಬ್ಬರೂ ತಿರುಗಿದರು. ಪ್ರಾರ್ಥನಾ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಕೋಣೆ ಇತ್ತು, ಕಿಟಕಿ ಇತ್ತು, ನದಿ ಹಾವಿನಂತೆ ಹರಿದಿತ್ತು, ಎರಡು ಕಪ್ಪಿನಿಂದಲೂ ಹೊಗೆ ಏಳುತ್ತಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ಮನುಷ್ಯ ಮಾತ್ರ ಬಾಗಿಲ ಹೊರಗೆ ನಿಂತಿದ್ದ.

ಅವಳ ನಗು ಮೆಲ್ಲಗೆ ಇಳಿಯಿತು. ಕಣ್ಣು ತುಂಬಿತು.

"ಹೊರ್ಗೆ ಎಂತಕ್ಕೆ ನಿಲ್ಸಿದ್ರಿ?"

"ಎಲ್ಲಿ ಅದಾನ ಅಂತ ನೀವು ಹೇಳಲಿಲ್ಲಲ್ರಿ."

"ಹೇಳುಕೆ ಬೇಕಾ?" ಅವಳು ರಬ್ಬರು ತೆಗೆದು ಆ ಮನುಷ್ಯನನ್ನು ಜೋಪಾನವಾಗಿ ಅಳಿಸಿದಳು. ರಬ್ಬರಿನ ಪುಡಿಯನ್ನು ಊದಿದಳು. ಪೆನ್ಸಿಲನ್ನು ಅವನ ಬೆರಳಿಗೆ ಕೊಟ್ಟು, ಬೆರಳುಗಳನ್ನು ಬಿಡದೆ ಹಿಡಿದುಕೊಂಡಳು. "ನಾನ್ ಬಿಡ್ಸುದಿಲ್ಲ. ನೀವೇ ಬನಿ ಒಳ್ಗೆ."

ಹಾಲಪ್ಪ ಬಿಡಿಸಿದ. ಮೇಜಿನ ಪಕ್ಕ, ಎರಡನೇ ಕಪ್ಪಿನ ಹತ್ತಿರ. ಈ ಸಲ ತಲೆ ಹೆಚ್ಚುಕಡಿಮೆ ದುಂಡಗೇ ಬಂತು.

"ಆದಿತ್ಯವಾರ ನನಗ ರಜಾ," ಅವನು ತಗ್ಗಿದ ದನಿಯಲ್ಲಿ ಅಂದ. "ಮಣಿನಗರದಾಗ ಬೆಳಿಗ್ಗೆ ರೈಲು ಹತ್ತಿದ್ರ ಚಾದ ಹೊತ್ತಿಗೆ ಸೂರತ್ತು."

"ಟೀ ಕೋಲ್ಡ್ ಆದ್ರೆ?"

"ಪ್ಲೀಸ್ ಅಂತೀನಿ. ಕುಡ್ ಯೂ ಹಾಟ್ ಅಂತೀನಿ."

ಸುತ್ತಲೂ ಜೋಡಿಗಳು ಎದ್ದು ಕೈಕುಲುಕುತ್ತಿದ್ದವು. ಥ್ಯಾಂಕ್ ಯೂ, ಥ್ಯಾಂಕ್ ಯೂ ಎಂಬ ಸದ್ದು ಕೋಣೆ ತುಂಬಿತ್ತು. ಹೇತಲ್‌ಬೆನ್ ಇವರ ಕಡೆ ತಿರುಗಿ, "ಹಾಲಪ್ಪ ಭಾಯ್, ಇವತ್ತಾದರೂ?" ಅಂದರು.

ಹಾಲಪ್ಪ ಆ ಕೋಣೆಯನ್ನೊಮ್ಮೆ ನೋಡಿದ. ಮೂಲೆಯಲ್ಲಿದ್ದ ಚೆಂಡು, ಸೇಠ್ ಎಳೆದಿಟ್ಟಿದ್ದ ಕುರ್ಚಿ, ತಪ್ಪೊಪ್ಪಿದ ಟೀಚರು. ಹೊರಗೆ ನಿಂತವನನ್ನು ಕರೆದು ಕೂರಿಸಿಕೊಂಡ ಜಾಗ ಇದು. ಆಮೇಲೆ ಬರಿಗಾಲಲ್ಲಿ ಓಡಿಬಂದಿದ್ದವಳ ಕಡೆ ತಿರುಗಿದ.

"ನಿನ್ನ ಹೊಟ್ಟಿ ತಣ್ಣಗಿರಲಿ," ಅಂದ.

ಪ್ರಾರ್ಥನಾ ಕಣ್ಣು ಪಿಳಿಪಿಳಿ ಮಾಡಿದಳು. "ಹೊಟ್ಟೆ? ಐಸ್‌ಕ್ರೀಂ ಕೊಡ್ಸ್ತ್ರ್ಯಾ?"

ಅವನು ನಕ್ಕ. ಆ ಕ್ಲಾಸಿನಲ್ಲಿ ಯಾರೂ ಕೇಳಿರದ, ಬಾಯಿ ತುಂಬಿದ ನಗು.

"ಅದ ನಮ್ಮವ್ವನ ಮಾತು," ಅಂದ.

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಪಿಸ್ತಾ ಬಣ್ಣದ ದುಪಟ್ಟಾ ಮತ್ತೆ ಬಾಯಿಗೆ ಏರಿತು. ಅದರ ಅಂಚಿನ ಮೇಲಿಂದ ಆ ಕಣ್ಣುಗಳು, ಮೊದಲ ದಿನದಂತೆಯೇ, ಅವನನ್ನು ನೋಡಿ ನಗುತ್ತಿದ್ದವು.