ಜೂನ್ ಐದರಂದು ನೋಡಿದ ಜೇನುಪೆಟ್ಟಿಗೆ

“ಏಣಿ ಗಟ್ಟಿಯಾಗಿ ಹಿಡ್ಕೋ ನೇಯಾ, ಅಲ್ಲಾಡಿಸ್ಬೇಡ!” ಲೋಯ್ಜೆ ತಾತ ಮೇಲಿನಿಂದ ಕೂಗಿದರು.

ನೇಯಾ ಎರಡೂ ಕೈಯಿಂದ ಏಣಿ ಹಿಡಿದಳು. ಶಾಲೆಯ ಪಕ್ಕದ ಚೆರ್ರಿ ಮರದಲ್ಲಿ ಸಾವಿರಾರು ಜೇನ್ನೊಣಗಳು ಗೊಂಚಲಾಗಿ ತೂಗುತ್ತಿದ್ದವು. ತಾತ ಅದರ ಕೆಳಗೆ ಖಾಲಿ ಪೆಟ್ಟಿಗೆ ಹಿಡಿದು, ಕೊಂಬೆಯನ್ನು ಒಮ್ಮೆ ಜಾಡಿಸಿದರು. ಗೊಂಚಲು ದೊಪ್ಪೆಂದು ಒಳಗೆ ಬಿತ್ತು.

ಅವು ನೇಯಾಳ ನೊಣಗಳು. ಶಾಲೆಯ ಜೇನು ಕ್ಲಬ್ಬಿನ ಆರು ಪೆಟ್ಟಿಗೆಗಳಲ್ಲಿ ನಾಲ್ಕನೆಯದು ಅವಳದು. ಬೇಟೆಗಾರನನ್ನು ಕೋಲಿಗೆ ಕಟ್ಟಿ ಹೊತ್ತೊಯ್ಯುವ ಮೊಲಗಳ ಚಿತ್ರವನ್ನು ಅದರ ಮುಂದಿನ ಹಲಗೆಯ ಮೇಲೆ ಅವಳೇ ಬರೆದಿದ್ದಳು.

ಮೇ ತಿಂಗಳಲ್ಲಿ ಪ್ರತಿ ಪೆಟ್ಟಿಗೆಯನ್ನೂ ಏಳು ದಿನಕ್ಕೊಮ್ಮೆ ತೆರೆದು ನೋಡಲೇಬೇಕು. ಇಲ್ಲದಿದ್ದರೆ ಒಳಗೆ ಹೊಸ ರಾಣಿ ಬೆಳೆಯುವುದು ಗೊತ್ತೇ ಆಗುವುದಿಲ್ಲ. ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಟುಬಿಡುತ್ತಾಳೆ. ನೋಡದೆ ಬಿಟ್ಟವರ ಪೆಟ್ಟಿಗೆ ಬೇರೆಯವರಿಗೆ ಹೋಗುತ್ತದೆ. ಇದು ಕ್ಲಬ್ಬಿನ ನಿಯಮ. ಇದರಲ್ಲಿ ಕ್ಲಬ್ಬು ನಡೆಸುವ ತಾತ ಯಾರ ಮುಲಾಜಿಗೂ ಬೀಳುವವರಲ್ಲ.

“ನೀನು ನೋಡೇ ಇಲ್ಲ. ಸುಮ್ನೆ ಕಂಪ್ಯೂಟರಲ್ಲಿ ತುಂಬ್ಸಿದ್ದೀಯ,” ಎಂದ ಝಿಗಾ. ಅವನೂ ನಾಲ್ಕನೇ ಕ್ಲಾಸು, ಐದನೇ ಪೆಟ್ಟಿಗೆಯವನು.

“ಮೇ ಆರಕ್ಕೆ ನೋಡಿದೀನಿ ಕಣೋ! ಅವತ್ತು ಏನೂ ಇರ್ಲಿಲ್ಲ. ಆಮೇಲೆ ಪಟ್ಟೀಲಿ ನನ್ನ ನಂಬರೇ ಬರ್ಲಿಲ್ಲ.”

“ಬರ್ಲಿಲ್ವಂತೆ! ಎಲ್ರಿಗೂ ಬರತ್ತೆ, ಇವ್ಳಿಗೆ ಮಾತ್ರ ಬರಲ್ಲ.”

ನೇಯಾಳಿಗೆ ಅಳು ಬಂತು. ನಾಲ್ಕನೇ ಪೆಟ್ಟಿಗೆ ಬೇರೆ ಯಾರದೋ ಆಗುವುದನ್ನು ನೆನೆಯಲೂ ಅವಳಿಂದ ಆಗುತ್ತಿರಲಿಲ್ಲ.

ತಾತ ಏಣಿ ಇಳಿದು ಬಂದರು. “ಜಗಳ ಸಾಕು. ಟಿಲೆನ್‌ನ ಕರೀರಿ.”

ಟಿಲೆನ್ ಒಂಬತ್ತನೇ ಕ್ಲಾಸಿನವನು. ಜೇನು ಕ್ಲಬ್ಬಿಗೆ ಡೇಟಾಬೇಸ್ ಮಾಡಿಕೊಟ್ಟವನು ಅವನೇ. ಮಕ್ಕಳು ಪೆಟ್ಟಿಗೆ ನೋಡಿದ ತಾರೀಖನ್ನು ಅದರಲ್ಲಿ ತುಂಬಿಸುತ್ತಿದ್ದರು. ‘ನೋಡಿ ಏಳು ದಿನ ಆದ ಪೆಟ್ಟಿಗೆ ಯಾವುದು?’ ಎಂದು ಒಂದು ಕ್ವೆರಿ ಕೇಳುತ್ತಿತ್ತು. ಕಂಪ್ಯೂಟರ್ ಪಟ್ಟಿ ಕೊಡುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಶುರುವಾದ ಮೇಲೆ ಒಂದು ದಿನವೂ ತಪ್ಪಿಲ್ಲ ಎಂದೇ ಅವನು ತಿಳಿದಿದ್ದ. ಟಿಲೆನ್‌ಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು.

“ನೋಡಿ, ನಾಲ್ಕನೇ ಪೆಟ್ಟಿಗೆ, 6. 5. ಅಂತ ಸರಿಯಾಗೇ ಇದೆ,” ಎಂದ ಅವನು, ಕ್ಲಬ್ಬಿನ ಕೋಣೆಯಲ್ಲಿ ಕಂಪ್ಯೂಟರ್ ತೆರೆದು.

“ಹಾಗಾದ್ರೆ ಇವತ್ತಿಗೆ ಎಷ್ಟು ದಿನ ಆಯ್ತು ಅಂತ ಕೇಳು,” ಎಂದಳು ನೇಯಾ.

ಅವತ್ತು ಮೇ ಹದಿನೈದು. ಒಂಬತ್ತು ದಿನ ಎಂದು ಬರಬೇಕಿತ್ತು. ಪರದೆಯ ಮೇಲೆ ಮೈನಸ್ ಇಪ್ಪತ್ತೊಂದು ಎಂದು ಬಂತು.

“ಮೈನಸ್ ದಿನ ಅಂದ್ರೆ ಏನು?”

“ಇನ್ನೂ ಬಂದೇ ಇಲ್ಲದ ದಿನ,” ಎನ್ನುತ್ತಾ ಟಿಲೆನ್ ಗಡಬಡಿಸಿ ಮತ್ತೇನೋ ಟೈಪ್ ಮಾಡಿದ. ಈ ಸಲ ತಿಂಗಳ ಹೆಸರೇ ಬಂತು: ಜೂನ್ 5.

“ಅಯ್ಯೋ! ಇದು ತಿಂಗಳು ಮೊದ್ಲು ಓದತ್ತೆ, ಅಮೆರಿಕದವ್ರ ಥರ. ನಾವು ದಿನ ಮೊದ್ಲು ಬರೀತೀವಿ.”

“ಏಪ್ರಿಲ್‌ನಲ್ಲಿ ಸರಿಯಾಗಿತ್ತಲ್ಲೋ?” ತಾತ ಕೇಳಿದರು.

“ಆಗೆಲ್ಲ 22, 29 ಅಂತ ಇತ್ತು. ಇಪ್ಪತ್ತೊಂಬತ್ತನೇ ತಿಂಗಳು ಎಲ್ಲಿದೆ? ಅದಕ್ಕೆ ತಾನೇ ತಿರುಗಿಸ್ಕೊಂಡಿದೆ. ಮೇ ಶುರುವಾದ್ಮೇಲೆ ಕೆಟ್ಟಿದೆ.” ಅವನ ಕಿವಿ ಕೆಂಪಾಗಿತ್ತು.

ನೇಯಾ ಬಗ್ಗಿ ಪಟ್ಟಿ ನೋಡಿದಳು. “ಝಿಗಾ, ನೀನು ಐದನೇದನ್ನ ಜುಲೈ ಐದಕ್ಕೆ ನೋಡಿದ್ದೀಯಂತೆ!”

“ನಾನಾ? ಮೇ ಏಳಕ್ಕೆ ನೋಡಿದ್ದು!” ಎಂದವನು ಬೆರಳು ಮಡಿಸಿ ಲೆಕ್ಕ ಹಾಕಿದ. ಎಂಟು ದಿನ. ಮುಖ ಬಿಳಿಚಿಕೊಂಡಿತು. ಮುಖಕ್ಕೆ ಹಾಕುವ ಬಲೆ ಎತ್ತಿಕೊಂಡು ಪೆಟ್ಟಿಗೆಗಳ ಕಡೆ ಓಡಿದ. ಟಿಲೆನ್ ಕೂಡ ಅವನ ಹಿಂದೆಯೇ ಹೋದ.

ತಾತ ನಕ್ಕರು. “ಸರಿ ಬಿಡು ನೇಯಾ, ನಿನ್ನ ತಪ್ಪಲ್ಲ. ನಾಲ್ಕನೇದು ನಿಂದೇ.”

ನೇಯಾಳಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಬಾಗಿಲ ತನಕ ಹೋದವಳು ವಾಪಸ್ ಬಂದಳು.

“ತಾತಾ, ಸೋಮವಾರ ಪೆಟ್ಟಿಗೆ ಬಾಗಿಲ ಹೊರಗೆ ನೊಣ ಮುತ್ಕೊಂಡು ಜೋತಾಡ್ತಿದ್ವು, ಗೂಡು ಬಿಟ್ಟು ಹೊರಡೋ ಮುಂಚೆ ಮಾಡೋ ಹಾಗೆ. ನಾನು ನೋಡ್ದೆ.”

“ನೋಡಿ ಏನ್ಮಾಡ್ದೆ?”

“ಪಟ್ಟಿ ನೋಡ್ದೆ. ನಾಲ್ಕನೇ ನಂಬರ್ ಇರ್ಲಿಲ್ಲ. ಮನೆಗೆ ಹೋದೆ.”

ತಾತ ಕೈಗವಸು ತೆಗೆದು ಮೇಜಿನ ಮೇಲಿಟ್ಟರು.

“ನಾನು ಕೇಳಿರ್ಲಿಲ್ಲ. ಯಾಕೆ ಹೇಳ್ದೆ?”

“ಗೊತ್ತಿಲ್ಲ. ಹೇಳ್ದೆ ಹೋಗಕ್ಕೆ ಆಗ್ಲಿಲ್ಲ.”

“ನಾಲ್ಕನೇದು ನಿನ್ನ ಹತ್ರಾನೇ ಇರ್ಲಿ,” ಎಂದರು ತಾತ, ಮೆಲ್ಲಗೆ. “ಹಿಡ್ಕೊಂಡು ಬಂದ ಹಿಂಡು ಮಾತ್ರ ನಿಂಗಿಲ್ಲ. ಮೂರನೇ ಕ್ಲಾಸಿನೋರು ಕಾಯ್ತಿದ್ದಾರೆ, ಅವ್ರಿಗೆ. ಹಳೇ ರಾಣಿನೂ ಅವ್ರದ್ದೇ.”

ನೇಯಾ ತಲೆಯಾಡಿಸಿದಳು. ತುಂಬ ನೋವಾಯಿತು, ಆದರೂ ಬೇಡ ಎನ್ನಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಟಿಲೆನ್ ಕ್ವೆರಿಯನ್ನು ಸರಿಮಾಡಿದ್ದ. ಪಟ್ಟಿಯಲ್ಲಿ ಈಗ ತಿಂಗಳ ಹೆಸರು ಅಕ್ಷರದಲ್ಲೇ ಬರುತ್ತಿತ್ತು. ಝಿಗಾ ಅದನ್ನು ಓದಿಕೊಂಡು ಹೊರಗೆ ಬಂದ.

“ನೇಯಾ, ಪಟ್ಟೀಲಿ ಇವತ್ತು ನಿಂದಿಲ್ಲ ಕಣೇ! ಬಾ, ಆಡೋಣ!”

ನೇಯಾ ನಾಲ್ಕನೇ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡ ನೊಣಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು.

“ನೀನು ಹೋಗಿರು,” ಎಂದಳು ಕಣ್ಣು ತೆಗೆಯದೆ. “ನಾನು ಇವನ್ನ ನೋಡ್ಕೊಂಡು ಬರ್ತೀನಿ.”